ಮೊದಲ ಹೆಲಿಕಾಪ್ಟರ್ ಐವತ್ತು ಗ್ರಾಂ ಇರಲಿ

ರೇಡಿಯೊ ನಿಯಂತ್ರಿತ ಮಾದರಿ ಹೆಲಿಕಾಪ್ಟರ್ ಹಾರಿಸಲು ಹೊರಟ ಹೊಸಬರಿಗೆ ಹಳಬರಿಂದ ಎರಡು ಬಗೆಯ ಸಲಹೆ ಸಿಗುತ್ತದೆ. ಮೊದಲು ಒಂದರ ಮೇಲೊಂದು ರೋಟರ್ ಇರುವ ಕೋ-ಆಕ್ಸಿಯಲ್ ಆಟಿಕೆ ಕೊಳ್ಳಿ, ಅದು ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ, ಕೈ ಪಳಗಿದ ಮೇಲೆ ಮುಂದಿನದನ್ನು ನೋಡೋಣ ಎನ್ನುವವರು ಒಂದು ಕಡೆ. ಆಟಿಕೆಗೆ ದುಡ್ಡು ಸುರಿಯಬೇಡಿ, ನೇರವಾಗಿ 450 ವರ್ಗದ, ಅಂದರೆ ಸುಮಾರು 70 ಸೆಂಟಿಮೀಟರ್ ರೋಟರಿನ, ಯಂತ್ರವನ್ನೇ ತೆಗೆದುಕೊಳ್ಳಿ, ದೊಡ್ಡದಾದಷ್ಟೂ ಗಾಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡೂ ಅನುಭವದಿಂದ ಬಂದ ಮಾತುಗಳೇ. ಹದಿನೈದು ವರ್ಷಗಳ ಹಿಂದೆ ಎರಡಕ್ಕೂ ಬಲವಾದ ಸಮರ್ಥನೆ ಇತ್ತು. ಇವತ್ತು ಹವ್ಯಾಸಕ್ಕೆ ಇಳಿಯುವವರಿಗೆ ಮಾತ್ರ ಎರಡೂ ಹೊಂದುವುದಿಲ್ಲ. ಮೊದಲ ಹೆಲಿಕಾಪ್ಟರ್ ದೊಡ್ಡ ಹೆಲಿಕಾಪ್ಟರಿನಂತೆಯೇ ವರ್ತಿಸಬೇಕು. ಜೊತೆಗೆ, ಬಿದ್ದರೆ ಅದಕ್ಕೂ ನೋಡುವವರಿಗೂ ಹೆಚ್ಚೇನೂ ಆಗದಷ್ಟು ಹಗುರವಾಗಿರಬೇಕು. ಬೆಲೆ, ಬಣ್ಣ, ರೂಪ, ಎಷ್ಟು ಚಾನೆಲ್ ಎಂಬ ಲೆಕ್ಕವೆಲ್ಲ ಆಮೇಲೆ.

ಈ ವಾದ ನಿಲ್ಲಬೇಕಾದರೆ ಹೆಲಿಕಾಪ್ಟರ್ ಯಾಕೆ ಕಷ್ಟ ಎಂಬುದು ಮೊದಲು ಗೊತ್ತಾಗಬೇಕು. ರೆಕ್ಕೆಯ ವಿಮಾನವನ್ನು ಸರಿಯಾಗಿ ತೂಗಿಸಿಟ್ಟು ಎಸೆದರೆ ಸ್ವಲ್ಪ ದೂರವಾದರೂ ತನ್ನಷ್ಟಕ್ಕೆ ತೇಲಿಕೊಂಡು ಹೋಗುತ್ತದೆ. ಹೆಲಿಕಾಪ್ಟರಿಗೆ ಆ ಗುಣವಿಲ್ಲ. ನಿಂತಲ್ಲೇ ತೇಲುವಾಗ ಅದು ಒಂದಿಷ್ಟು ವಾಲಿತೆಂದರೆ ವಾಲಿದ ಕಡೆಗೇ ಜಾರುತ್ತದೆ, ಜಾರುತ್ತ ವೇಗ ಹಿಡಿಯುತ್ತದೆ, ವೇಗಕ್ಕೆ ರೋಟರ್ ಹಿಂದಕ್ಕೆ ಮಗುಚುತ್ತದೆ, ಈಗ ಅದು ಎದುರು ದಿಕ್ಕಿಗೆ ಇನ್ನೂ ಹೆಚ್ಚು ವಾಲುತ್ತದೆ. ತಡೆಯುವ ಕೈ ಇಲ್ಲದಿದ್ದರೆ ಈ ಓಲಾಟ ಬೆಳೆಯುತ್ತಲೇ ಹೋಗಿ ನೆಲದಲ್ಲಿ ಮುಗಿಯುತ್ತದೆ. ಇದರ ಜೊತೆಗೆ ಬಾಲದ ತಕರಾರು ಬೇರೆ. ಮುಖ್ಯ ರೋಟರ್ ಒಂದು ಕಡೆಗೆ ತಿರುಗಿದರೆ ಒಡಲು ಇನ್ನೊಂದು ಕಡೆಗೆ ತಿರುಗಲು ಹವಣಿಸುತ್ತದೆ. ಬಾಲದ ರೋಟರ್ ಅದನ್ನು ತಡೆದು ಹಿಡಿಯಬೇಕು. ಹಾಗೆ ತಡೆಯುವ ತಳ್ಳುಬಲವೇ ಇಡೀ ಯಂತ್ರವನ್ನು ಪಕ್ಕಕ್ಕೆ ಒಯ್ಯುವುದರಿಂದ, ರೋಟರ್ ಪ್ರದಕ್ಷಿಣೆಯಾಗಿ ತಿರುಗುವ ಮಾದರಿಯೊಂದು ಗಾಳಿಯಲ್ಲಿ ಅಲುಗದೆ ನಿಂತಿದ್ದರೆ ಅದು ಕೊಂಚ ಬಲಕ್ಕೆ ವಾಲಿಯೇ ನಿಂತಿರುತ್ತದೆ. ಎತ್ತರಕ್ಕೆಂದು ಒಂದು ಸ್ಟಿಕ್ ಮುಟ್ಟಿದರೆ ಬಾಲ ಕದಲುತ್ತದೆ, ಬಾಲ ಸರಿಪಡಿಸಿದರೆ ಒಡಲು ಜರುಗುತ್ತದೆ, ಜರುಗಿದ್ದನ್ನು ತಡೆಯಲು ವಾಲಿಸಿದರೆ ಎತ್ತರ ಇಳಿಯುತ್ತದೆ. ಹೊಸಬರ ಕೈ ಸೋಲುವುದು ಈ ಸರಪಳಿಯಲ್ಲಿ.

ಕೋ-ಆಕ್ಸಿಯಲ್ ಆಟಿಕೆ ಈ ಸರಪಳಿಯ ಕೊಂಡಿಗಳನ್ನೇ ಕಳಚಿಹಾಕುತ್ತದೆ. ಮೇಲಿನ ರೋಟರ್ ಒಂದು ದಿಕ್ಕಿಗೆ, ಕೆಳಗಿನದು ಎದುರು ದಿಕ್ಕಿಗೆ ತಿರುಗುವುದರಿಂದ ಒಡಲು ತಿರುಗುವ ಪ್ರಶ್ನೆಯೇ ಏಳುವುದಿಲ್ಲ. ಮೇಲಿನ ರೋಟರಿಗೆ ಜೋಡಿಸಿದ ತೂಕದ ಕಡ್ಡಿ ಇಡೀ ಯಂತ್ರವನ್ನು ಮಟ್ಟವಾಗಿ ಹಿಡಿಯುತ್ತದೆ. 2010ರ ಆಸುಪಾಸಿನಲ್ಲಿ ಅಂಗಡಿ ಅಂಗಡಿಗಳಲ್ಲಿ ಮಾರಾಟವಾದ ಸೈಮಾ ಎಸ್107 ಇಂಥದ್ದೇ. ಅದರ ಬಾಲದಲ್ಲಿ ಮೇಲ್ಮುಖವಾಗಿ ಕೂರಿಸಿದ ಪುಟ್ಟ ಪಂಖವೊಂದು ಮೂತಿಯನ್ನು ತಗ್ಗಿಸಿ ಯಂತ್ರವನ್ನು ಮುಂದಕ್ಕೆ ಒಯ್ಯುತ್ತದೆ; ಪಕ್ಕಕ್ಕೆ ಜಾರಿಸುವ ವ್ಯವಸ್ಥೆ ಅದಕ್ಕೆ ಇಲ್ಲವೇ ಇಲ್ಲ. ಬ್ಲೇಡ್ ಎಂಸಿಎಕ್ಸ್‌ನಂಥವು ಒಂದು ಹೆಜ್ಜೆ ಮುಂದೆ ಹೋಗಿ ಪಕ್ಕದ ಚಲನೆಯನ್ನೂ ಕೊಟ್ಟವು. ಮನೆಯ ಮಕ್ಕಳಿಗೆ ಇವು ಒಳ್ಳೆಯ ಉಡುಗೊರೆ, ಅದರಲ್ಲಿ ಎರಡು ಮಾತಿಲ್ಲ. ಹಾರಿಸುವುದನ್ನು ಕಲಿಯಬೇಕೆಂದು ಹೊರಟವರಿಗೆ ಮಾತ್ರ ಇವು ಕಲಿಸುವುದು ಒಂದೇ ಪಾಠ: ಗಾಬರಿಯಾದರೆ ಸ್ಟಿಕ್ ಬಿಟ್ಟುಬಿಡಿ, ಎಲ್ಲ ತಾನೇ ಸರಿಹೋಗುತ್ತದೆ. ಮುಂದೆ ಒಂಟಿ ರೋಟರಿನ ಯಂತ್ರ ಕೈಗೆ ಬಂದಾಗ ಇದೇ ಪಾಠ ಅದನ್ನು ಗೋಡೆಗೆ ಹೊಡೆಯುತ್ತದೆ. ಸ್ಟಿಕ್ ಬಿಟ್ಟಾಗ ನಿಜವಾದ ಹೆಲಿಕಾಪ್ಟರ್ ವಾಲಿದ್ದು ವಾಲಿದ ಹಾಗೆಯೇ ಇರುತ್ತದೆ. ಎದುರು ದಿಕ್ಕಿಗೆ ಅಷ್ಟೇ ಒತ್ತಿ ಮತ್ತೆ ನಡುವಿಗೆ ತಂದಾಗಲೇ ಅದು ಮಟ್ಟಕ್ಕೆ ಬರುವುದು. ಬೆರಳಿಗೆ ಒಮ್ಮೆ ಹತ್ತಿದ ಅಭ್ಯಾಸವನ್ನು ಅಳಿಸುವುದು ಹೊಸದನ್ನು ಕಲಿಯುವುದಕ್ಕಿಂತ ನಿಧಾನದ ಕೆಲಸ.

ನಡುವಿನ ದಾರಿಯಾಗಿ ಫಿಕ್ಸೆಡ್ ಪಿಚ್ ಯಂತ್ರಗಳಿವೆ. ಒಂದೇ ಮುಖ್ಯ ರೋಟರ್, ನಿಜವಾದ ಬಾಲ, ನಾಲ್ಕು ಚಾನೆಲ್. ಅಲಗುಗಳ ಕೋನ ಮಾತ್ರ ಬದಲಾಗುವುದಿಲ್ಲ; ಮೇಲೇರಬೇಕಾದರೆ ಮೋಟರ್ ಜೋರಾಗಿ ತಿರುಗಬೇಕು, ಇಳಿಯಬೇಕಾದರೆ ನಿಧಾನವಾಗಬೇಕು. ಡಬ್ಲ್ಯುಎಲ್ ಟಾಯ್ಸ್‌ನ ವಿ911, ಬ್ಲೇಡ್ ಎಂಎಸ್ಆರ್ ಈ ಜಾತಿಯವು. ಸಾವಿರಾರು ಹವ್ಯಾಸಿಗಳು ಇವುಗಳಿಂದಲೇ ಮೊದಲ ಬಾರಿ ಮೂತಿ ತನ್ನತ್ತ ಇರುವ ಹಾರಾಟ ಕಲಿತರು. ತೊಡಕು ಇರುವುದು ಎತ್ತರದ ನಿಯಂತ್ರಣದಲ್ಲಿ. ಮೋಟರ್ ವೇಗ ಬದಲಿಸಿ ರೋಟರ್ ಸ್ಪಂದಿಸುವಷ್ಟರಲ್ಲಿ ಒಂದು ಕ್ಷಣ ಕಳೆದಿರುತ್ತದೆ. ಎದುರುಗಾಳಿ ಬೀಸಿತೆಂದರೆ ಯಂತ್ರ ತಾನೇ ಮೇಲೇರುತ್ತದೆ. ಇಳಿಸಲು ವೇಗ ತಗ್ಗಿಸಿದರೆ ಉಳಿದ ಹತೋಟಿಯೂ ಸಡಿಲವಾಗುತ್ತದೆ. ಇನ್ನೇನು ಬಯಲಿಗೆ ಹೋಗಬೇಕೆನ್ನುವ ಹೊತ್ತಿಗೆ ಈ ಯಂತ್ರದ ಮಿತಿ ಮುಗಿದಿರುತ್ತದೆ. ಬಜೆಟ್ ತೀರ ಕಡಿಮೆ ಇದ್ದವರಿಗೆ ಇದು ತಪ್ಪು ಆಯ್ಕೆಯೇನಲ್ಲ, ಆದರೆ ಇಲ್ಲಿಂದ ಮುಂದಿನದಕ್ಕೆ ಮತ್ತೊಮ್ಮೆ ದುಡ್ಡು ಹಾಕಬೇಕಾಗುತ್ತದೆ.

ಕಲೆಕ್ಟಿವ್ ಪಿಚ್‌ನಲ್ಲಿ ರೋಟರ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ, ಬದಲಾಗುವುದು ಅಲಗುಗಳ ಕೋನ. ಕೋನ ಹೆಚ್ಚಿಸಿದರೆ ಆ ಕ್ಷಣವೇ ಏರುತ್ತದೆ, ತಗ್ಗಿಸಿದರೆ ಆ ಕ್ಷಣವೇ ಇಳಿಯುತ್ತದೆ, ಋಣಾತ್ಮಕ ಕೋನ ಕೊಟ್ಟರೆ ತಲೆಕೆಳಗಾಗಿಯೂ ಹಾರುತ್ತದೆ. ಪೂರ್ಣ ಗಾತ್ರದ ಹೆಲಿಕಾಪ್ಟರುಗಳಾದ ಧ್ರುವ್ ಆಗಲಿ, ಚೇತಕ್ ಆಗಲಿ ಹಾರುವುದು ಇದೇ ತತ್ವದಿಂದ. ಇದು ಹೊಸಬರಿಗೆ ಅಪಾಯ ಎಂಬ ಎಚ್ಚರಿಕೆ ಬಹಳ ಕಾಲ ಇತ್ತು, ಅದಕ್ಕೆ ಕಾರಣವೂ ಇತ್ತು. ಆ ಕಾರಣ ಹೇಗೆ ಕರಗಿತು ಎಂಬುದರಲ್ಲೇ ಈ ಲೇಖನದ ವಾದದ ತಿರುಳಿದೆ.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಆರ್ಥರ್ ಯಂಗ್ ಪ್ರಿನ್ಸ್‌ಟನ್ನಿನಲ್ಲಿ ಗಣಿತ ಓದಿದವನು. 1920ರ ದಶಕದ ಕೊನೆಯಿಂದ ಫಿಲಡೆಲ್ಫಿಯಾ ಬಳಿ ಹೆಲಿಕಾಪ್ಟರ್ ಮಾದರಿಗಳನ್ನು ಮಾಡುತ್ತ ಕುಳಿತ. ನಡುವೆ ಒಮ್ಮೆ ಎಂಜಿನ್ ಇಟ್ಟು ದೊಡ್ಡ ಮಾದರಿ ಕಟ್ಟಿದ, ಅದು ಮುರಿದುಬಿತ್ತು. ಆಮೇಲೆ ಆತ ವಿದ್ಯುತ್ ಮೋಟರಿನ ಚಿಕ್ಕ ಮಾದರಿಗಳಿಗೆ ಮರಳಿ, ಪಾವೊಲಿ ಎಂಬ ಊರಿನ ಕಣಜದ ಕಟ್ಟಡದಲ್ಲಿ ಒಂದಾದ ಮೇಲೊಂದು ಪ್ರಯೋಗ ಮಾಡಿದ. ಚಿಕ್ಕ ಮಾದರಿ ಬಿದ್ದರೆ ಸರಿಪಡಿಸಿ ಬೇಗ ಮತ್ತೆ ಹಾರಿಸಬಹುದು. ದೊಡ್ಡದು ಬಿದ್ದರೆ ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತದೆ. ಹೀಗೆ ದುಡಿದು ಕಂಡುಕೊಂಡದ್ದೇ ರೋಟರಿಗೆ ಅಡ್ಡಲಾಗಿ ಕೂರಿಸುವ ತೂಕದ ಕಡ್ಡಿ, ಸ್ಟೆಬಿಲೈಜರ್ ಬಾರ್. 1941ರಲ್ಲಿ ಆತ ತಂತಿಯ ಮೂಲಕ ದೂರದಿಂದಲೇ ನಿಯಂತ್ರಿಸಬಹುದಾದ ಮಾದರಿಯನ್ನು ಬಫಲೊ ನಗರದ ಬೆಲ್ ಕಂಪನಿಗೆ ಒಯ್ದು ಹಾರಿಸಿ ತೋರಿಸಿದ. ಅಲ್ಲಿಂದ ಹುಟ್ಟಿದ ಬೆಲ್ 47 ಯಂತ್ರಕ್ಕೆ 1946ರ ಮಾರ್ಚ್ 8ರಂದು ನಾಗರಿಕ ಬಳಕೆಯ ಪ್ರಮಾಣಪತ್ರ ಸಿಕ್ಕಿತು. ನಾಗರಿಕ ಹೆಲಿಕಾಪ್ಟರೊಂದಕ್ಕೆ ಅಂಥ ಪ್ರಮಾಣಪತ್ರ ಸಿಕ್ಕಿದ್ದು ಅದೇ ಮೊದಲು. ಜಗತ್ತಿಗೆ ಹೆಲಿಕಾಪ್ಟರ್ ಕೊಟ್ಟವರಲ್ಲಿ ಒಬ್ಬನಾದ ಈತ ತನ್ನ ಪಾಠವನ್ನು ಕಲಿತದ್ದು ಚಿಕ್ಕ, ಹಗುರ, ಮತ್ತೆಮತ್ತೆ ಬಿದ್ದರೂ ತಡೆದುಕೊಳ್ಳುವ ಮಾದರಿಗಳಿಂದ ಎಂಬುದನ್ನು ಮೊದಲ ಯಂತ್ರ ಕೊಳ್ಳುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಜರ್ಮನಿಯ ಡೀಟರ್ ಶ್ಲೂಟರ್ 1970ರ ದಶಕದ ಆರಂಭದಲ್ಲಿ ಬೆಲ್ ಹ್ಯೂಯಿ ಕೋಬ್ರಾ ಆಕಾರದ ಕಿಟ್ ಅನ್ನು ಮಾರುಕಟ್ಟೆಗೆ ತಂದಾಗ ಹವ್ಯಾಸಿಗಳ ಕೈಗೆ ನಿಜವಾಗಿ ಹಾರಬಲ್ಲ ರೇಡಿಯೊ ಹೆಲಿಕಾಪ್ಟರ್ ಬಂತು. ಅದು ಎಂಜಿನ್ ಹೊತ್ತ ದೊಡ್ಡ ಯಂತ್ರ. ಆಗ ಬಾಲ ಹಿಡಿಯಲು, ತಿರುಗುವಿಕೆಯನ್ನು ಅಳೆದು ತಿದ್ದುವ ಗೈರೋ ಕೂಡ ಇರಲಿಲ್ಲ, ಎಲ್ಲವನ್ನೂ ಬೆರಳುಗಳೇ ಮಾಡಬೇಕು. ಅಂಥ ಕಾಲದಲ್ಲಿ ದೊಡ್ಡದು ಸುಲಭ ಎಂಬ ಮಾತು ಅಕ್ಷರಶಃ ನಿಜವಾಗಿತ್ತು. ಯಾವುದೇ ವಸ್ತುವಿನ ಅಳತೆಯನ್ನು ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ, ತಿರುಗಲು ಒಡ್ಡುವ ಜಡತ್ವ ಮೂವತ್ತೆರಡು ಪಟ್ಟಾಗುತ್ತದೆ. ಹಾಗಾಗಿ ದೊಡ್ಡ ಯಂತ್ರ ನಿಧಾನವಾಗಿ ವಾಲುತ್ತದೆ, ನೋಡಿ ಯೋಚಿಸಿ ತಿದ್ದಲು ಸಮಯ ಕೊಡುತ್ತದೆ. ಅಂಗೈಯಗಲದ ಯಂತ್ರವಾದರೋ ಕಣ್ಣು ಕಾಣುವಷ್ಟರಲ್ಲಿ ಮಗುಚಿಕೊಂಡಿರುತ್ತದೆ.

ಈ ಲೆಕ್ಕವನ್ನು ಬದಲಿಸಿದ್ದು ಮೊಬೈಲ್ ಫೋನುಗಳಲ್ಲಿ ಇರುವಂಥದೇ ಪುಟ್ಟ ಸಂವೇದಕಗಳು. 2000ದ ದಶಕದ ಕೊನೆಯ ಹೊತ್ತಿಗೆ ಮೂರು ಅಕ್ಷಗಳ ಎಲೆಕ್ಟ್ರಾನಿಕ್ ಗೈರೋಗಳು ಯಂಗ್‌ನ ಕಡ್ಡಿಯ ಜಾಗವನ್ನು ಆಕ್ರಮಿಸಿದವು. ಮಾದರಿಗಳಲ್ಲಿ ಫ್ಲೈಬಾರ್ ಎನ್ನುವ ಆ ಕಡ್ಡಿ ರೋಟರ್ ತಲೆಯಿಂದ ಕಣ್ಮರೆಯಾಯಿತು. 2011ರ ಸುಮಾರಿಗೆ ಬಂದ ಬ್ಲೇಡ್ ಎಂಸಿಪಿ ಎಕ್ಸ್, ಐವತ್ತು ಗ್ರಾಂಗೂ ಕಡಿಮೆ ತೂಕದಲ್ಲಿ ಇಡೀ ಕಲೆಕ್ಟಿವ್ ಪಿಚ್ ವ್ಯವಸ್ಥೆಯನ್ನು ಕೂರಿಸಿತು. ಮುಂದೆ ಗೈರೋಗಳ ಜೊತೆಗೆ ವೇಗವರ್ಧನೆ ಅಳೆಯುವ ಸಂವೇದಕಗಳೂ ಸೇರಿ, ಸ್ಟಿಕ್ ಬಿಟ್ಟರೆ ತಾನೇ ಮಟ್ಟಕ್ಕೆ ಬರುವ ಸೌಲಭ್ಯ ಇಂಥ ಪುಟ್ಟ ಯಂತ್ರಗಳಿಗೂ ಬಂತು. ಪುಟ್ಟ ಯಂತ್ರದ ಚಡಪಡಿಕೆಯನ್ನು ಈಗ ಸೆಕೆಂಡಿಗೆ ನೂರಾರು ಬಾರಿ ಅಳೆದು ತಿದ್ದುವ ಚಿಪ್ ಹಿಡಿದಿಡುತ್ತದೆ. ದೊಡ್ಡದರ ಮುಖ್ಯ ಅನುಕೂಲವಾಗಿದ್ದ ಸಾವಧಾನ ಹೀಗೆ ಸಣ್ಣದಕ್ಕೂ ದಕ್ಕಿದ ಮೇಲೆ, ಹೊಸಬರ ಪಾಲಿಗೆ ದೊಡ್ಡದರ ಅನನುಕೂಲಗಳೇ ಎದ್ದು ಉಳಿದವು.

ಆ ಅನನುಕೂಲಗಳು ಸಣ್ಣವಲ್ಲ. 450 ವರ್ಗದ ರೋಟರಿನ ವ್ಯಾಸ ಸುಮಾರು 70 ಸೆಂಟಿಮೀಟರ್, ಯಂತ್ರದ ತೂಕ ಮುಕ್ಕಾಲು ಕಿಲೋ ಆಸುಪಾಸು. ನಿಮಿಷಕ್ಕೆ 2800 ಸುತ್ತು ತಿರುಗುವಾಗ ಅಲಗಿನ ತುದಿ ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿರುತ್ತದೆ. 700 ವರ್ಗಕ್ಕೆ ಹೋದರೆ ಒಂದೂವರೆ ಮೀಟರಿಗೂ ಮೀರಿದ ರೋಟರ್, ತುದಿಯ ವೇಗ ಗಂಟೆಗೆ ಸುಮಾರು 600 ಕಿಲೋಮೀಟರ್. ಕಾರ್ಬನ್ ಫೈಬರಿನ ಅಲಗು ಆ ವೇಗದಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ನ್ಯೂಯಾರ್ಕಿನ ಬ್ರೂಕ್ಲಿನ್ ಸಾಕ್ಷಿ. 2013ರ ಸೆಪ್ಟೆಂಬರಿನಲ್ಲಿ ಅಲ್ಲಿನ ಉದ್ಯಾನವೊಂದರಲ್ಲಿ ಹತ್ತೊಂಬತ್ತರ ಹರೆಯದ ಹವ್ಯಾಸಿಯೊಬ್ಬ ತನ್ನದೇ ಹೆಲಿಕಾಪ್ಟರ್ ಬಡಿದು ಸತ್ತುಹೋದ. ಅವನು ಹೊಸಬನೂ ಆಗಿರಲಿಲ್ಲ, ಕಸರತ್ತಿನ ಹಾರಾಟ ಬಲ್ಲವನಾಗಿದ್ದ. ಐವತ್ತು ಗ್ರಾಂ ಯಂತ್ರದ ಅಲಗು ಕೂಡ ಕಣ್ಣಿಗೆ ಅಪಾಯವೇ. ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರ ನಿಲ್ಲಿಸಿಯೇ ಹಾರಿಸಬೇಕು. ಆದರೂ ಚರ್ಮದ ಮೇಲೊಂದು ಕೆಂಪು ಗೆರೆಗೂ ಆಸ್ಪತ್ರೆಗೂ ನಡುವಿನ ವ್ಯತ್ಯಾಸ ಈ ತೂಕದಲ್ಲೇ ಇದೆ. ಬ್ಯಾಟರಿಯದೂ ಇದೇ ಕತೆ. 700 ವರ್ಗದ ಯಂತ್ರ ಹೊರುವ ಹನ್ನೆರಡು ಸೆಲ್‌ಗಳ ಲಿಪೊ ಬ್ಯಾಟರಿಯಲ್ಲಿ, ಪುಟ್ಟ ಯಂತ್ರದ ಒಂಟಿ ಸೆಲ್‌ಗಿಂತ ನೂರು ಪಟ್ಟಿಗೂ ಮಿಗಿಲಾದ ಶಕ್ತಿ ತುಂಬಿರುತ್ತದೆ. ಬಿದ್ದು ಚುಚ್ಚಿಸಿಕೊಂಡ ಲಿಪೊ ಬೆಂಕಿ ಹತ್ತಿಕೊಂಡರೆ ಆ ವ್ಯತ್ಯಾಸ ಏನೆಂದು ತಿಳಿಯುತ್ತದೆ.

ಬೀಳುವುದಂತೂ ಖಚಿತ. ಇಲ್ಲಿ ಒಂದು ಸಾಧಾರಣ ಅಪಘಾತವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಯಾಕೆಂದರೆ ಕೊಳ್ಳುವಾಗ ಯಾರೂ ಇದನ್ನು ಕಣ್ಣಮುಂದೆ ತಂದುಕೊಳ್ಳುವುದಿಲ್ಲ. ಇಳಿಸುವಾಗ 450 ಯಂತ್ರ ಒಂದು ಕಾಲಿನ ಮೇಲೆ ವಾಲಿತು ಎನ್ನೋಣ. ಅಲಗು ನೆಲ ಮುಟ್ಟುತ್ತದೆ, ಅದೇ ಹೊತ್ತಿಗೆ ಹಿಂದಕ್ಕೆ ಬಗ್ಗಿ ಬಾಲದ ಕೊಳವೆಗೆ ಬಡಿಯುತ್ತದೆ. ಎರಡು ಅಲಗುಗಳನ್ನು ಹಿಡಿದಿರುವ ಅಡ್ಡ ಸರಳು, ಅಂದರೆ ಫೆದರಿಂಗ್ ಶಾಫ್ಟ್, ಬಾಗುತ್ತದೆ. ಮುಖ್ಯ ಶಾಫ್ಟ್ ಬಾಗುತ್ತದೆ. ಮೋಟರ್ ಇನ್ನೂ ತಳ್ಳುತ್ತಿರುವುದರಿಂದ ಮುಖ್ಯ ಗೇರಿನ ಪ್ಲಾಸ್ಟಿಕ್ ಹಲ್ಲುಗಳು ಒಂದು ಬದಿಯಲ್ಲಿ ಕಿತ್ತುಹೋಗುತ್ತವೆ. ಅಲಗುಗಳ ಕೋನ ಬದಲಿಸುವ ಪುಟ್ಟ ಮೋಟರುಗಳ, ಅಂದರೆ ಸರ್ವೊಗಳ, ಒಳಗಿನ ಚಿಕ್ಕ ಗೇರುಗಳೂ ಉಳಿಯುವ ಭರವಸೆ ಇಲ್ಲ. ಶಾಫ್ಟನ್ನು ಬಿಚ್ಚಿ ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ಬಾಗಿರುವುದು ಗೊತ್ತಾಗುತ್ತದೆ: ಉರುಳುವಾಗ ಗಾಜಿಗೂ ಕಬ್ಬಿಣಕ್ಕೂ ನಡುವೆ ಬೆಳಕಿನ ಎಳೆ ಕಂಡು ಕಂಡು ಮಾಯವಾಗುತ್ತದೆ. ಆ ಕೂದಲೆಳೆಯ ಬಾಗು ಇಡೀ ಯಂತ್ರವನ್ನು ನಡುಗಿಸಲು ಸಾಕು, ನಡುಕ ಗೈರೋವನ್ನು ದಾರಿ ತಪ್ಪಿಸಲು ಸಾಕು. ಹೀಗೆ ಒಂದು ಸಂಜೆಯ ತಪ್ಪಿಗೆ ಬಿಡಿಭಾಗಗಳ ಪಟ್ಟಿ, ಅವು ಬರುವವರೆಗೆ ಎರಡು ಮೂರು ವಾರ ಕಾಯುವಿಕೆ, ಮತ್ತೆ ಜೋಡಿಸಿ ಹೊಂದಿಸಲು ಇನ್ನೊಂದು ಭಾನುವಾರ.

ಐವತ್ತು ಗ್ರಾಂ ಯಂತ್ರ ಅದೇ ಎತ್ತರದಿಂದ ಹುಲ್ಲಿನ ಮೇಲೆ ಮಗುಚಿದರೆ ಸಾಮಾನ್ಯವಾಗಿ ಪಿಚ್ ಬದಲಿಸುವ ಕೊಂಡಿಯ ಪ್ಲಾಸ್ಟಿಕ್ ತುದಿಯೊಂದು ತನ್ನ ಗುಂಡಿನಿಂದ ಕಳಚಿಕೊಂಡಿರುತ್ತದೆ. ಉಗುರಿನಿಂದ ಒತ್ತಿದರೆ ಟಿಕ್ ಎಂದು ಕೂರುತ್ತದೆ. ಬೀಳುವ ಮುನ್ನ ಥ್ರಾಟಲ್ ಹೋಲ್ಡ್ ಸ್ವಿಚ್ ಎಳೆದು ಮೋಟರ್ ನಿಲ್ಲಿಸಿದ್ದರೆ ಗೇರ್ ಕೂಡ ಉಳಿದಿರುತ್ತದೆ. ಐದು ನಿಮಿಷದಲ್ಲಿ ಮತ್ತೆ ಗಾಳಿಯಲ್ಲಿ. ಕಲಿಕೆ ನಡೆಯುವುದು ಈ ಪುನರಾವರ್ತನೆಯಲ್ಲಿ. ವಾರಕ್ಕೊಮ್ಮೆ ಎದೆ ಹಿಡಿದುಕೊಂಡು ಹಾರಿಸುವವನಿಗಿಂತ ದಿನಕ್ಕೆ ನಾಲ್ಕು ಬ್ಯಾಟರಿ ಮುಗಿಸುವವನ ಬೆರಳು ಬೇಗ ಪಳಗುತ್ತದೆ. ಭಯದಲ್ಲಿ ಹಾರಿಸುವವರು ನೆಲಕ್ಕೆ ಒಂದಡಿ ಎತ್ತರದಲ್ಲೇ ಉಳಿಯುತ್ತಾರೆ. ಅಲ್ಲಿ ರೋಟರ್ ಕೆಳಕ್ಕೆ ದೂಡಿದ ಗಾಳಿ ನೆಲಕ್ಕೆ ಬಡಿದು ಚೆಲ್ಲಾಪಿಲ್ಲಿಯಾಗಿ ಯಂತ್ರವನ್ನು ಇನ್ನಷ್ಟು ಅಲುಗಿಸುತ್ತದೆ. ಎದೆಮಟ್ಟಕ್ಕೆ ಏರಿಸಿದರೆ ಸುಲಭ, ಆದರೆ ದುಬಾರಿ ಯಂತ್ರವನ್ನು ಅಲ್ಲಿಗೇರಿಸಲು ಹೊಸಬರ ಕೈ ಏಳುವುದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಎಕ್ಸ್‌ಕೆ ಕೆ110, ಬ್ಲೇಡ್ ನ್ಯಾನೊ ಎಸ್3, ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರಿಗೆ ಓಎಂಪಿಹಾಬಿ ಎಂ1 ಅಥವಾ ಗೂಸ್ಕಿ ಎಸ್1: ಇವೆಲ್ಲ ಇಲ್ಲಿ ಹೇಳುತ್ತಿರುವ ಜಾತಿಯವು. ಕೆ110ರ ರೋಟರ್ ಸುಮಾರು 25 ಸೆಂಟಿಮೀಟರ್, ತೂಕ ಐವತ್ತು ಗ್ರಾಂ ಆಸುಪಾಸು, ಮುಖ್ಯ ಮೋಟರ್ ಬ್ರಶ್‌ಲೆಸ್, ಬಾಲಕ್ಕೆ ಬೇರೆಯದೇ ಪುಟ್ಟ ಮೋಟರ್. ಬಾಲದ ಆ ಮೋಟರ್ ಬ್ರಶ್ ಇರುವಂಥದ್ದು, ಸವೆಯುತ್ತದೆ. ಒಂದೆರಡು ಹೆಚ್ಚುವರಿ ತಂದಿಟ್ಟುಕೊಳ್ಳುವುದು ಜಾಣತನ. ಎಂ1ರಲ್ಲಿ ಮುಖ್ಯ ಮೋಟರ್ ನೇರವಾಗಿ ರೋಟರನ್ನು ತಿರುಗಿಸುವುದರಿಂದ ಹಲ್ಲು ಮುರಿಯುವ ಮುಖ್ಯ ಗೇರೇ ಇಲ್ಲ. ಆದರೆ ಅದರ ತೂಕ ಕೆ110ರ ಎರಡು ಪಟ್ಟಿಗೂ ಮಿಕ್ಕು. ಈ ಲೇಖನದ ಮಟ್ಟಿಗೆ ಮೊದಲ ಆಯ್ಕೆ ಕೆ110ರಂಥದ್ದೇ.

ಇಂಥ ಯಂತ್ರಗಳಲ್ಲಿ ಒಂದು ಸ್ವಿಚ್ ಇರುತ್ತದೆ. ಒಂದು ಕಡೆಗೆ ಹಾಕಿದರೆ ಸ್ಟಿಕ್ ಬಿಟ್ಟಾಗ ತಾನೇ ಮಟ್ಟಕ್ಕೆ ಬರುತ್ತದೆ. ಇನ್ನೊಂದು ಕಡೆಗೆ ಹಾಕಿದರೆ ಆ ಸಹಾಯ ಇರುವುದಿಲ್ಲ, ಗೈರೋ ಮಾತ್ರ ಉಳಿಯುತ್ತದೆ. ಕೋ-ಆಕ್ಸಿಯಲ್ಲಿನ ವಿರುದ್ಧ ಹೇಳಿದ ಆಕ್ಷೇಪಣೆ ಇದಕ್ಕೂ ಅನ್ವಯಿಸುವುದಿಲ್ಲವೇ ಎಂದು ಕೇಳಬಹುದು. ಮೊದಲ ಸ್ಥಿತಿಯಲ್ಲೇ ಕಾಲ ಕಳೆದರೆ ಖಂಡಿತ ಅನ್ವಯಿಸುತ್ತದೆ. ಹಳ್ಳಿಯ ಬಾವಿಗಳಲ್ಲಿ ಈಜು ಕಲಿಸುವವರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ನೀರು ಅದೇ, ಕೈಕಾಲು ಬಡಿಯುವ ಕ್ರಮವೂ ಅದೇ, ಧೈರ್ಯ ಬಂದ ದಿನ ಬುರುಡೆ ಬಿಚ್ಚುತ್ತಿದ್ದರು. ಸ್ವಿಚ್ ಇರುವ ಯಂತ್ರ ಕೊಡುವುದು ಇದನ್ನೇ. ಬಾಲ ನಿಜವಾದ ಬಾಲ, ಎತ್ತರದ ಹತೋಟಿ ನಿಜವಾದ ಕಲೆಕ್ಟಿವ್, ತೆಗೆದುಹಾಕಬೇಕಾದದ್ದು ಒಂದು ಸಹಾಯ ಮಾತ್ರ. ಅದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ.

ಕಲೆಕ್ಟಿವ್ ಪಿಚ್‌ಗೆ ಒಂದು ಅಪಾಯ ಉಳಿದೇ ಇದೆ, ಅದನ್ನು ಮುಚ್ಚಿಡಬಾರದು. ಕಸರತ್ತಿನ ಸ್ಥಿತಿಯಲ್ಲಿ, ಅಂದರೆ ಐಡಲ್-ಅಪ್‌ನಲ್ಲಿ, ಎಡ ಸ್ಟಿಕ್ಕನ್ನು ಪೂರ್ತಿ ಕೆಳಕ್ಕೆ ಎಳೆದರೆ ಮೋಟರ್ ನಿಲ್ಲುವುದಿಲ್ಲ. ಅಲಗುಗಳು ಋಣಾತ್ಮಕ ಕೋನಕ್ಕೆ ಹೋಗಿ ಯಂತ್ರವನ್ನು ಪೂರ್ಣ ಬಲದಿಂದ ನೆಲಕ್ಕೆ ಅಪ್ಪಳಿಸುತ್ತವೆ. ಗಾಬರಿಯಾದವರ ಹೆಬ್ಬೆರಳು ಮಾಡುವುದೂ ಅದನ್ನೇ. ಆದ್ದರಿಂದ ಹೊಸಬರು ನಾರ್ಮಲ್ ಸ್ಥಿತಿ ಬಿಟ್ಟು ಕದಲಬಾರದು, ಗಾಬರಿಯಾದಾಗ ಬೆರಳು ಹೋಗಬೇಕಾದದ್ದು ಥ್ರಾಟಲ್ ಹೋಲ್ಡ್‌ಗೆ ಎಂಬುದನ್ನು ಯೋಚಿಸದೆ ಆಗುವ ಮಟ್ಟಿಗೆ ಅಭ್ಯಾಸ ಮಾಡಬೇಕು. ಈ ಅಭ್ಯಾಸಕ್ಕೆ ಹೆಲಿಕಾಪ್ಟರೇ ಬೇಕಿಲ್ಲ.

ಬೇಕಾಗಿರುವುದು ಟ್ರಾನ್ಸ್‌ಮಿಟರ್ ಮತ್ತು ಸಿಮ್ಯುಲೇಟರ್. ಹೊಸಬರು ಹಣ ಉಳಿಸಲು ಹೋಗುವುದು ಸಾಮಾನ್ಯವಾಗಿ ಇಲ್ಲೇ. ಎಲ್ಲವೂ ಒಂದೇ ಡಬ್ಬಿಯಲ್ಲಿ ಬರುವ ಸೆಟ್‌ಗಳಲ್ಲಿ ರಿಮೋಟ್ ಆಟಿಕೆಯ ಮಟ್ಟದ್ದಿರುತ್ತದೆ. ಸ್ಟಿಕ್ ಸಡಿಲ, ಹೊಂದಿಸಿಕೊಳ್ಳುವ ಅವಕಾಶ ಕಡಿಮೆ. ರೇಡಿಯೊಮಾಸ್ಟರ್‌ನಂಥ ಕಂಪನಿಗಳು ಮಾಡುವ, ಹಲವು ಬ್ರಾಂಡುಗಳ ಯಂತ್ರಗಳೊಂದಿಗೆ ಮಾತಾಡಬಲ್ಲ ಮಲ್ಟಿ-ಪ್ರೊಟೋಕಾಲ್ ಟ್ರಾನ್ಸ್‌ಮಿಟರ್ ಕೊಂಡರೆ ಅದು ಮುಂದಿನ ಎಲ್ಲ ಹೆಲಿಕಾಪ್ಟರುಗಳಿಗೂ ಆಗುತ್ತದೆ. ಕೆ110 ಫುಟಾಬಾ ಕಂಪನಿಯ ಎಸ್-ಎಫ್‌ಎಚ್‌ಎಸ್‌ಎಸ್ ಪದ್ಧತಿಗೆ ಸ್ಪಂದಿಸುವುದರಿಂದ ಇಂಥ ಟ್ರಾನ್ಸ್‌ಮಿಟರಿಗೆ ಒಗ್ಗುತ್ತದೆ. ಯಂತ್ರಗಳು ಮುರಿಯುತ್ತವೆ, ಮಾರಾಟವಾಗುತ್ತವೆ, ಹಳತಾಗುತ್ತವೆ. ಒಳ್ಳೆಯ ಟ್ರಾನ್ಸ್‌ಮಿಟರ್ ಹತ್ತು ವರ್ಷ ಕೈಯಲ್ಲಿರುತ್ತದೆ. ಬಜೆಟ್ಟಿನ ದೊಡ್ಡ ಪಾಲನ್ನು ಮೊದಲ ದಿನವೇ ಅದಕ್ಕೆ ಕೊಡುವುದು ಸರಿಯಾದ ಲೆಕ್ಕ. ಎಡ ಸ್ಟಿಕ್ಕಿನಲ್ಲಿ ಎತ್ತರ ಮತ್ತು ಬಾಲ, ಬಲದಲ್ಲಿ ವಾಲಿಕೆ ಇರುವ ಮೋಡ್ 2 ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ಜೊತೆಗೆ ಹಾರಿಸುವವರು ಯಾವ ಮೋಡ್ ಬಳಸುತ್ತಾರೆಂದು ವಿಚಾರಿಸಿ ಅದನ್ನೇ ಹಿಡಿದರೆ, ಕಷ್ಟದಲ್ಲಿದ್ದಾಗ ರಿಮೋಟ್ ಅವರ ಕೈಗೆ ಕೊಡಬಹುದು.

ಇದೇ ಟ್ರಾನ್ಸ್‌ಮಿಟರನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಸಿಕ್ಕಿಸಿ ರಿಯಲ್‌ಫ್ಲೈಟ್, ಹೆಲಿ-ಎಕ್ಸ್, ನೆಕ್ಸ್ಟ್‌ನಂಥ ಸಿಮ್ಯುಲೇಟರುಗಳಲ್ಲಿ ಅಭ್ಯಾಸ ಮಾಡಬಹುದು. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸುವ ಆಟಗಳಿಂದ ಈ ಉಪಯೋಗವಿಲ್ಲ, ಅಲ್ಲಿ ಸ್ಟಿಕ್ಕೇ ಇಲ್ಲ. ಮೊದಲು ಬಾಲ ತನ್ನತ್ತ ಇಟ್ಟುಕೊಂಡು ನಿಲ್ಲಿಸುವುದು, ಆಮೇಲೆ ಎಡಮಗ್ಗುಲು, ಬಲಮಗ್ಗುಲು, ಕೊನೆಗೆ ಮೂತಿ ತನ್ನತ್ತ. ಕೊನೆಯದರಲ್ಲಿ ಎಡಬಲ ಅದಲುಬದಲಾಗುತ್ತದೆ, ಮುಂದೆ ಎಂಬುದು ಹಾರಿಸುವವನ ಕಡೆಗೆ ಎಂದಾಗುತ್ತದೆ. ಮಿದುಳು ಅದನ್ನು ಲೆಕ್ಕ ಹಾಕಿ ಉತ್ತರ ಹುಡುಕುವಷ್ಟರಲ್ಲಿ ಯಂತ್ರ ಕೈಜಾರಿರುತ್ತದೆ. ಪರದೆಯ ಮೇಲೆ ಇದನ್ನು ನೂರು ಸಲ ಕೆಡವಿದರೂ ಖರ್ಚಿಲ್ಲ. ಹೀಗಿದ್ದರೆ ಸಿಮ್ಯುಲೇಟರಿನಲ್ಲೇ ಪೂರ್ತಿ ಕಲಿತು ನೇರವಾಗಿ 450 ಕೊಳ್ಳಬಹುದಲ್ಲ ಎಂಬ ವಾದ ಬರುತ್ತದೆ. ಅದರಲ್ಲಿ ಒಂದು ಕೊರತೆ ಇದೆ. ಪರದೆಯ ಮುಂದೆ ಹೆಬ್ಬೆರಳು ನಡುಗುವುದಿಲ್ಲ. ನಿಜವಾದ ಯಂತ್ರ ಎದ್ದ ಮೊದಲ ಹತ್ತು ಸೆಕೆಂಡುಗಳಲ್ಲಿ ಕಲಿತದ್ದರಲ್ಲಿ ಅರ್ಧ ಕೈಬಿಡುತ್ತದೆ, ಆ ಹತ್ತು ಸೆಕೆಂಡುಗಳು ಹಗುರ ಯಂತ್ರದ ಮೇಲೆ ಕಳೆಯಲಿ. ಕೊಂಡಿ ಕೂರಿಸುವುದು, ಶಾಫ್ಟ್ ಬದಲಿಸುವುದು, ಅಲಗುಗಳು ಒಂದೇ ಸಮದಲ್ಲಿ ಸುತ್ತುತ್ತಿವೆಯೇ ಎಂದು ಪಕ್ಕದಿಂದ ನೋಡುವುದು ಕೂಡ ಪರದೆಯಿಂದ ಬರುವ ವಿದ್ಯೆಯಲ್ಲ.

ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲಿ ನವಿಲಿನ ಬಣ್ಣ ಹೊತ್ತ ವಾಯುಪಡೆಯ ಸಾರಂಗ್ ತಂಡದ ಧ್ರುವ್‌ಗಳು ಒಂದನ್ನೊಂದು ಹಾಯ್ದುಹೋಗುವುದನ್ನು ನೋಡಿ ಈ ಹವ್ಯಾಸಕ್ಕೆ ಮನಸೋತವರು ಕರ್ನಾಟಕದಲ್ಲಿ ಇದ್ದಾರೆ. ಬೆಂಗಳೂರಿನಲ್ಲೇ ರೂಪುಗೊಂಡು 1992ರಲ್ಲಿ ಮೊದಲು ಹಾರಿದ ಯಂತ್ರವದು, ಅಭಿಮಾನ ಸಹಜ. ಅವರಿಗೆ ಮೊದಲ ದಿನವೇ ಕಿಟಕಿ, ಬಾಗಿಲು, ಗಾಲಿಗಳಿರುವ ಪೂರ್ಣ ಒಡಲಿನ ಮಾದರಿ ಬೇಕೆನಿಸುತ್ತದೆ. ಈ ಆಸೆಯನ್ನು ಒಂದು ವರ್ಷ ತಡೆಹಿಡಿಯುವುದು ಮೇಲು. ಒಡಲಿನ ಚಿಪ್ಪು ತೂಕ ಹೆಚ್ಚಿಸುತ್ತದೆ, ಒಳಗಿನ ಭಾಗಗಳನ್ನು ಮುಚ್ಚುತ್ತದೆ, ಮೊದಲ ಪೆಟ್ಟಿಗೆ ಒಡೆಯುತ್ತದೆ. ಜಿಪಿಎಸ್ ಹಿಡಿದು ಡ್ರೋನಿನಂತೆ ನಿಂತಲ್ಲೇ ನಿಲ್ಲುವ ಮಾದರಿಗಳೂ ಈಗ ಬಂದಿವೆ. ಅವು ನೋಡಲು ಸುಂದರ, ಆದರೆ ಅವುಗಳಲ್ಲಿ ಹಾರಿಸುವುದು ಯಂತ್ರದ ಕೆಲಸ, ಮನುಷ್ಯನದಲ್ಲ.

ನಮ್ಮಲ್ಲಿ ಕೊಳ್ಳುವವರಿಗೆ ಇನ್ನೆರಡು ವಿಷಯ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು, ಬಿಡಿಭಾಗಗಳಿಗೆ ಆ ತಡೆ ಇಲ್ಲ. ವಿದೇಶದಿಂದ ತರಿಸಿಕೊಳ್ಳುವ ಯೋಚನೆ ಇದ್ದವರು ಇದನ್ನು ಗಮನಿಸಬೇಕು. ಅದಕ್ಕಿಂತಲೂ ಮುಖ್ಯವಾಗಿ, ಮೆಚ್ಚಿದ ಮಾದರಿಯ ಅಲಗು, ಫೆದರಿಂಗ್ ಶಾಫ್ಟ್, ಮುಖ್ಯ ಗೇರ್, ಬಾಲದ ಮೋಟರ್ ಈ ನಾಲ್ಕೂ ದೇಶದೊಳಗೆ ಸಿಗುತ್ತವೆಯೇ ಎಂದು ಯಂತ್ರ ಕೊಳ್ಳುವ ಮೊದಲೇ ಕೇಳಬೇಕು. ಸಿಗದಿದ್ದರೆ ಎಷ್ಟೇ ಹೊಗಳಿಕೆ ಪಡೆದ ಮಾದರಿಯಾದರೂ ಬೇಡ. ಎರಡನೆಯದು 2021ರ ಡ್ರೋನ್ ನಿಯಮಗಳು. ರೋಟರ್ ಇರುವ ಮಾನವರಹಿತ ಯಂತ್ರಗಳೂ ಅವುಗಳ ವ್ಯಾಪ್ತಿಯಲ್ಲಿವೆ. 250 ಗ್ರಾಂವರೆಗಿನವು ನ್ಯಾನೊ ವರ್ಗದವು, ಅವನ್ನು ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಾಗಿಲ್ಲ. ಆದರೆ ಹಾರಿಸಲು ಅನುಮತಿ ಬೇಕಾದ ಕೆಂಪು, ಹಳದಿ ವಲಯಗಳ ನಿರ್ಬಂಧ ತೂಕ ನೋಡುವುದಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಸುತ್ತಲೂ ವಿಮಾನ ನೆಲೆಗಳಿರುವುದರಿಂದ, ಮೈದಾನಕ್ಕೆ ಹೋಗುವ ಮುನ್ನ ಈ ವಲಯಗಳನ್ನು ತೋರಿಸುವ ಡಿಜಿಟಲ್ ಸ್ಕೈ ನಕಾಶೆ ತೆರೆದು ನೋಡುವುದು ಕಡ್ಡಾಯ.

ಬಯಲು ಸಿಗದವರಿಗೆ ಮದುವೆ ಇಲ್ಲದ ದಿನದ ಕಲ್ಯಾಣ ಮಂಟಪವೋ ಶಾಲೆಯ ಸಭಾಂಗಣವೋ ಸಾಕು. 450 ಯಂತ್ರವನ್ನು ಅಲ್ಲಿ ಬಿಚ್ಚುವ ಮಾತೇ ಇಲ್ಲ. ಹೊರಗೆ ಹಾರಿಸುವವರು ಗಾಳಿ ಏಳುವ ಮುಂಚಿನ ಬೆಳಗಿನ ಹೊತ್ತನ್ನು ಹಿಡಿಯಬೇಕು. ಆಷಾಢದ ಗಾಳಿಯಲ್ಲಿ ಪುಟ್ಟ ಯಂತ್ರಕ್ಕೆ ರಜೆ, ಅದರ ನಿಜವಾದ ಮಿತಿ ಇದೊಂದೇ. ಒಂದು ಬ್ಯಾಟರಿ ಐದಾರು ನಿಮಿಷ ಬರುವುದರಿಂದ ಕನಿಷ್ಠ ನಾಲ್ಕಾದರೂ ಬೇಕು. ಪೂರ್ತಿ ಚಾರ್ಜ್ ಆದಾಗ ಸೆಲ್ಲಿನ ವೋಲ್ಟೇಜ್ 4.2, ವಾರಗಟ್ಟಲೆ ಇಡುವಾಗ 3.8ರ ಹತ್ತಿರಕ್ಕೆ ತಂದಿಡಬೇಕು, ಇಲ್ಲದಿದ್ದರೆ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕುವಂತಿಲ್ಲ.

ದೊಡ್ಡ ಯಂತ್ರದ ಸರದಿ ಬಂದೇ ಬರುತ್ತದೆ. ಮಟ್ಟಕ್ಕೆ ತರುವ ಸಹಾಯವನ್ನು ತೆಗೆದುಹಾಕಿ, ಮೂತಿ ತನ್ನತ್ತ ಇಟ್ಟುಕೊಂಡು ಒಂದು ಇಡೀ ಬ್ಯಾಟರಿ ಮುಗಿಯುವವರೆಗೆ ನಿಲ್ಲಿಸಬಲ್ಲವರು, ಎರಡೂ ದಿಕ್ಕಿನಿಂದ ಎಂಟರ ಆಕಾರ ಸುತ್ತಿಸಬಲ್ಲವರು, ಕೆಡವಿದ ಯಂತ್ರವನ್ನು ಯಾರ ನೆರವೂ ಇಲ್ಲದೆ ಬಿಚ್ಚಿ ಜೋಡಿಸಿದವರು 450ಕ್ಕೆ ಕೈಹಾಕಬಹುದು. ಗಾಳಿಗೆ ಜಗ್ಗದ, ನಿಧಾನವಾಗಿ ವಾಲುವ ಅದರ ಗುಣ ಆಗ ಅವರ ಅನುಭವಕ್ಕೆ ಬರುತ್ತದೆ. ಹಳಬರು ಅದನ್ನು ಹೊಗಳಿದ್ದೂ ಸುಳ್ಳಲ್ಲ ಎಂದು ತಿಳಿಯುತ್ತದೆ. ಆ ಹೊತ್ತಿಗೆ ಅವರು ಹೊಸದಾಗಿ ಕೊಳ್ಳಬೇಕಾದದ್ದು ಯಂತ್ರ, ಅದರ ಬ್ಯಾಟರಿ ಮತ್ತು ತುಸು ದೊಡ್ಡ ಚಾರ್ಜರ್ ಮಾತ್ರ.